ರಾಣಿ ಹೇಳಬೇಕಿದ್ದ ಪದ್ಯ

ತೆನಾಲಿ,
ಶುಕ್ರವಾರ, 14 ನವೆಂಬರ್ 2025

ನಮ್ಮ ನಾಟಕವನ್ನು ನಿರ್ದೇಶಿಸುತ್ತಿರುವ ಚಿರಂಜೀವಿ ಹಿಮಬಿಂದುವಿಗೆ, ಮತ್ತು ಚೆಂಚುಪೇಟೆಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಚಾಪೆ ಹಾಸಿಕೊಂಡು ಕುಳಿತಿರುವ ನನ್ನೆಲ್ಲ ಮಕ್ಕಳಿಗೆ,

ಹಾರ್ಮೋನಿಸ್ಟ್ ಸಾಂಬಯ್ಯನ ಆಶೀರ್ವಾದಗಳು. ನಿಮ್ಮ ನಡುವೆ ಕುರ್ಚಿ ಹಾಕಿಸಿಕೊಂಡು ಕುಳಿತಿರುವ ಹಿರಿಯರಿಗೆ ನನ್ನ ನಮಸ್ಕಾರಗಳು. ‘ರಾಜಾ ಕೀರ್ತಿಸೇನ’ ನಾಟಕದ ಮೊದಲನೆಯ ರಾಜರಾದ ಬಸವಯ್ಯಗಾರು ಈ ವಯಸ್ಸಿನಲ್ಲಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಮೂರನೆಯ ರಾಜರಾದ ಶೇಷಾದ್ರಿಗಾರು ಯಾರಿಗೂ ತೋರಿಸದ ತಮ್ಮ ಪಾತ್ರದ ಪುಸ್ತಕವನ್ನು ನಿಮ್ಮ ಕೈಗೆ ಕೊಟ್ಟಿದ್ದಾರೆ. ಎರಡನೆಯ ರಾಜರಾಗಿದ್ದ ಪೂರ್ಣಯ್ಯಗಾರು ಈಗಿಲ್ಲ. ಅವರ ಮಗಳು ಅವರ ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಳುಹಿಸಿದ್ದಾಳೆ. ಈ ಮೂವರಿಗೂ ನಾವು ಋಣಿಗಳು.

ಇಷ್ಟು ಬರೆಯುವುದರೊಳಗೆ ಮೂರು ಹಾಳೆ ಹರಿದಿದ್ದೇನೆ. ಮುಂದಿನದನ್ನು ಸಭೆಗೆ ಒಪ್ಪುವಂತೆ ಬರೆಯಬೇಕೋ, ಮಗಳಿಗೆ ಹೇಳಿದಂತೆ ಬರೆಯಬೇಕೋ ತಿಳಿಯುತ್ತಿಲ್ಲ. ಹಿಮಬಿಂದೂ, ನೀನು ಓದುವಾಗ ಧ್ವನಿಯಲ್ಲಿ ಅನಗತ್ಯ ಭಾವ ಬೆರೆಸುವವಳಲ್ಲ. ಆದುದರಿಂದ ನೀನೇ ಓದು, ಎಲ್ಲರಿಗೂ ಕೇಳುವಂತೆ ಓದು, ನಡುವೆ ಯಾವುದನ್ನೂ ಬಿಡಬೇಡ. ನೀವು ಇದನ್ನು ಓದುವ ಹೊತ್ತಿಗೆ ನಾನು ರೇಪಲ್ಲೆಯ ಪ್ಯಾಸೆಂಜರ್ ಗಾಡಿಯಲ್ಲಿರುತ್ತೇನೆ. ನಾನು ಮೆಟ್ಟಿಲು ಹತ್ತಿ ಬರುವಾಗ ನಿಮಗೆಲ್ಲ ವಿಷಯ ತಿಳಿದಿರಬೇಕು. ಎದುರಿಗೆ ನಿಂತು ಹೇಳಲು ಹೋದರೆ ನಾನು ಮತ್ತೆ ಸುಳ್ಳು ಹೇಳಿಯೇನು. ಕಳೆದ ಭಾನುವಾರ ಹೇಳಿದೆನಲ್ಲ, ಹಾಗೆ.

ಸೆಪ್ಟೆಂಬರ್‌ನಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವು ಪರೀಕ್ಷಾರ್ಥವಾಗಿ ಒಂದು ಪ್ರದರ್ಶನ ಕೊಟ್ಟದ್ದನ್ನು ನೆನಪಿಸಿಕೊಳ್ಳಿ. ಪರಂಪರೆಯನ್ನು ಕಾಪಾಡಬೇಕೆಂದು ನಾನೇ ಹಟ ಹಿಡಿದೆ. ಒಂದೇ ರಾಜನ ಪಾತ್ರಕ್ಕೆ ಅಂಕಕ್ಕೊಬ್ಬರಂತೆ ಮೂವರು ನಟರು. ನಮ್ಮ ಕಡೆಯ ಪದ್ಯನಾಟಕಗಳು ಹಾಗೆಯೇ ನಡೆದು ಬಂದಿವೆ. ಮೊದಲನೆಯ ರಾಜನದು ಶೃಂಗಾರ, ಎರಡನೆಯವನದು ಗಾಂಭೀರ್ಯ, ಮೂರನೆಯವನದು ಕರುಣ. ಒಬ್ಬೊಬ್ಬರ ಕಂಠಕ್ಕೂ ಒಂದೊಂದು ಊರಿನ ಅಭಿಮಾನಿಗಳು. ಮೀಸೆಯಿದ್ದ ರಾಜ ಒಳಗೆ ಹೋಗಿ ಮೀಸೆಯಿಲ್ಲದ ರಾಜ ಹೊರಗೆ ಬಂದರೂ ನಮ್ಮ ಪ್ರೇಕ್ಷಕರಲ್ಲಿ ಒಬ್ಬರೂ ತಬ್ಬಿಬ್ಬಾದದ್ದಿಲ್ಲ. ಆದರೆ ಆ ಕಾಲೇಜಿನಲ್ಲಿ ಪರದೆ ಬಿದ್ದ ಮೇಲೆ ಹುಡುಗಿಯೊಬ್ಬಳು ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದಳು: “ಸರ್, ನಾಟಕ ಚೆನ್ನಾಗಿತ್ತು. ಆದ್ರೆ ಮೂರು ಜನ ಬಂದ್ರಲ್ಲ, ಅವ್ರಲ್ಲಿ ಆ ರಾಣಿಯಮ್ಮನ ಗಂಡ ಯಾರು?”

ಸಭೆಯೆಲ್ಲ ನಕ್ಕಿತು. ನಾನು ನಗಲಿಲ್ಲ. ನೀನು ನಕ್ಕೆ, ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ನನ್ನ ಪಕ್ಕ ನಡೆಯುತ್ತ ಹೇಳಿದೆ: “ಮಾಸ್ಟರುಗಾರೂ, ಆ ಹುಡುಗಿ ಕೇಳಿದ್ದು ತಪ್ಪಲ್ಲ. ಮೂರು ಗಂಟೆ ಕೂತು ನೋಡಿದ್ಲು, ಕಥೆ ಹಿಡೀಬೇಕು ಅಂತ ಒದ್ದಾಡಿದ್ಲು. ನಾವೇ ಕೈಗೆ ಸಿಗದ ಹಾಗೆ ಮಾಡಿದ್ವಿ.” ಡಿಸೆಂಬರ್ ಇಪ್ಪತ್ತೊಂದರ ಪ್ರದರ್ಶನಕ್ಕೆ ಒಬ್ಬನೇ ರಾಜ, ಅವನು ಸಾಕೇತ್, ಎಂದು ನಿರ್ಧರಿಸಿದೆವು. ಹಗಲು ಮೊಬೈಲ್ ಅಂಗಡಿಯಲ್ಲಿ ದುಡಿದು ಸಂಜೆ ಪದ್ಯ ಕಲಿಯುವ ಆ ಹುಡುಗನ ಕಂಠದಲ್ಲಿ ಮೂರೂ ರಸಗಳಿಗೆ ಸ್ಥಳವಿದೆಯೆಂದು ನಾನು ಈಗಲೂ ನಂಬುತ್ತೇನೆ.

ಒಬ್ಬನೇ ರಾಜನಾದ ಮೇಲೆ ಅವನಿಗೆ ಪೂರ್ತಿ ಕಥೆ ಬೇಕಲ್ಲವೆ? ಅಚ್ಚಾದ ಪ್ರತಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಇರುವುದು ನಟರ ಪಾತ್ರದ ಪುಸ್ತಕಗಳು ಮಾತ್ರ. ಅವುಗಳಲ್ಲಿ ಅವರವರ ಪದ್ಯ, ಅವರವರ ಮಾತು, ಎದುರಿನವರ ಮಾತಿನ ಕೊನೆಯ ಎರಡು ಪದ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೊಲಿದುಬಿಡೋಣ ಎಂದು ನೀನು ಹೊರಟೆ. ಆಮೇಲೆ ನಡೆದದ್ದಕ್ಕೆ ನೀವೆಲ್ಲ ಸಾಕ್ಷಿಗಳು. ಆದರೂ ಬರೆಯುತ್ತೇನೆ, ಏಕೆಂದರೆ ಅಂದು ನಡೆದದ್ದು ಏನೆಂದು ನನಗೇ ಇನ್ನೂ ಸರಿಯಾಗಿ ಕೂಡಿಬಂದಿಲ್ಲ.

ಕಳೆದ ಭಾನುವಾರ ಸಾಕೇತ್ ಮೊದಲನೆಯ ಅಂಕದ ಮದುವೆಯ ಪದ್ಯ ಹಾಡಿದ. ಬಸವಯ್ಯಗಾರು ಕೈ ಎತ್ತಿ ತಡೆದರು. “ಹಾಗಲ್ಲ ನಾಯನಾ. ಸ್ವಲ್ಪ ಕಣ್ಣೀರು ಬರಬೇಕು ಅಲ್ಲಿ.”

“ಮದುವೆ ತಾತಯ್ಯಾ. ಯಾಕೆ ಅಳಬೇಕು?”

“ಯಾಕೆ ಅಂದ್ರೆ? ಪಾಪ, ಸಾಯೋ ಹುಡುಗಿ ಅದು.”

“ಯಾರು ಸಾಯೋದು?” ಎಂದು ನೀನು ಕೇಳಿದೆ.

“ಸುಕೇಶಿನಿ. ರಾಣಿ. ಕೊನೆಗೆ ಸಾಯ್ತಾಳಲ್ಲ?”

ಆಗ ಶೇಷಾದ್ರಿಗಾರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಏನಯ್ಯಾ ಬಸವಯ್ಯಾ, ನಿದ್ದೆಗಣ್ಣಲ್ಲಿ ಇದ್ದೀಯಾ? ನನ್ನ ಅಂಕದಲ್ಲಿ ಕಂಬದ ಹಾಗೆ ನಿಂತಿರ್ತಾಳೆ ರಾಣಿ. ಸತ್ತೋಳ ಎದುರು ನಲವತ್ತು ವರ್ಷ ಪದ್ಯ ಹಾಡಿದ್ನಾ ನಾನು?”

ಬಸವಯ್ಯಗಾರ ಮುಖ ನೋಡಲಾಗಲಿಲ್ಲ. “ನನಗೇನು ಗೊತ್ತು? ನನ್ನ ಅಂಕ ಮುಗಿದ ಕೂಡಲೇ ಬಣ್ಣ ತೊಳೆದು ಬಸ್ಸು ಹಿಡೀತಿದ್ದೆ. ಪಕ್ಕದೂರಲ್ಲಿ ಇನ್ನೊಂದು ಮೊದಲನೇ ಅಂಕ ಕಾಯ್ತಿತ್ತು. ಮುಂದೆ ಅವಳು ಸಾಯ್ತಾಳೆ ಅಂತ ಯಾರೋ ಹೇಳಿದ್ರು. ಅದನ್ನೇ ನೆನೆದುಕೊಂಡು ಅಳ್ತಿದ್ದೆ. ಜನ ಎಷ್ಟು ಮೆಚ್ಚೋರು ಆ ಕಣ್ಣೀರನ್ನ!”

ನಿಮಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ರಾಣಿಯ ಪಾತ್ರದ ನಮ್ಮ ಝಾನ್ಸಿ ನಗದೆ ಶೇಷಾದ್ರಿಗಾರ ಕಡೆ ತಿರುಗಿದಳು. ಅವಳು ಏನು ಕೇಳಲಿದ್ದಾಳೆಂದು ನನಗೆ ಆಗಲೇ ತಿಳಿಯಿತು, ಕೈ ಹಾರ್ಮೋನಿಯಂನ ಮೇಲೆಯೇ ಉಳಿಯಿತು.

“ಶೇಷಾದ್ರಿ ತಾತಯ್ಯಾ, ನಿಮ್ಮ ಅಂಕದಲ್ಲಿ ರಾಣಿ ಎಲ್ಲಿಂದ ವಾಪಸ್ ಬಂದಿರ್ತಾಳೆ?”

“ತವರಿಂದ.”

“ತವರಿಂದಾ?”

“ಮತ್ತೆ? ಮುನಿಸಿಕೊಂಡು ತವರಿಗೆ ಹೋಗಿರ್ತಾಳೆ. ರಾಜ ಹೋಗಿ ಕರೀತಾನೆ. ‘ಎಡದ ಪೀಠ ಬರಿದಾಗಿದೆ, ಬಾ’ ಅಂತ. ಎರಡನೇ ಅಂಕದಲ್ಲಿ ಏನು ಜಗಳ ಆಯ್ತೋ ಪೂರ್ಣಯ್ಯನಿಗೇ ಗೊತ್ತು. ನಾನು ಆ ಹೊತ್ತಿಗೆ ಮಲಗಿರ್ತಿದ್ದೆ. ನನ್ನ ಅಂಕಕ್ಕೆ ಎಬ್ಬಿಸೋರು.”

ಝಾನ್ಸಿ ಪೂರ್ಣಯ್ಯಗಾರ ಪುಸ್ತಕ ತೆರೆದು ಎರಡನೆಯ ಅಂಕದ ಪದ್ಯವನ್ನು ಓದಿದಳು. ಬೆಳಗಿನ ಮೊದಲ ಯಾಚಕ ಏನು ಕೇಳಿದರೂ ಕೊಡುವೆನೆಂಬ ವ್ರತ. ಯಾಚಕನಾಗಿ ಬಂದ ಮುನಿ ರಾಣಿಯನ್ನೇ ಕೇಳುತ್ತಾನೆ, ಆಶ್ರಮದಲ್ಲಿ ದಾಸಿಯಾಗಿರಲು. ರಾಜ ನೀರೆರೆದು ಕೊಟ್ಟುಬಿಡುತ್ತಾನೆ. ಕೊಡುವ ಮೊದಲು ಅವಳನ್ನೊಮ್ಮೆ ತಿರುಗಿಯೂ ನೋಡುವುದಿಲ್ಲ. “ನಿಮ್ಮ ರಾಜ ಅವಳನ್ನ ದಾನ ಕೊಟ್ಟಿದ್ದ ತಾತಯ್ಯಾ,” ಎಂದಳು. “ಹನ್ನೆರಡು ವರ್ಷ ಅವಳು ಸೌದೆ ಹೊತ್ತಿರ್ತಾಳೆ.”

ಎಂಬತ್ತೆರಡು ವರ್ಷದ ಆ ಮನುಷ್ಯ, ನಮ್ಮ ಹಿರಿಯ ಕಲಾವಿದರ ಸಂಘದ ಅಧ್ಯಕ್ಷರು, ಒಂದು ಕಾಲಕ್ಕೆ ಒಂದು ಪದ್ಯದ ರಾಗವನ್ನು ಹತ್ತು ನಿಮಿಷ ಎಳೆದವರು, ತಮ್ಮ ಕೈಗಳನ್ನೇ ನೋಡುತ್ತ ಕುಳಿತರು. ಆಮೇಲೆ ಮೆಲ್ಲಗೆ ಹೇಳಿದರು: “ಅಯ್ಯೋ. ಹಾಗಾದ್ರೆ ಅಲ್ಲಿ ಅಷ್ಟು ರಾಗ ತೆಗೀಬಾರದಿತ್ತು.”

ನಂತರ ಅವರೇ ತಮ್ಮ ಪುಸ್ತಕದ ಕೊನೆಯ ಹಾಳೆ ತಿರುಗಿಸಿ ನಿನಗೆ ತೋರಿಸಿದರು. ತಮ್ಮ ಕರೆಯುವ ಪದ್ಯದ ಕೆಳಗೆ ಅವರ ಗುರುಗಳ ಕೈಬರಹದಲ್ಲಿ ಎರಡು ಸಾಲು: ‘ರಾಣಿಯ ಪದ್ಯ. ಬಳಿಕ ರಾಜನು ಕಿರೀಟವನ್ನು ಕಳಚಿ ಕೆಳಗಿಡುವನು.’

“ಇದೊಂದು ನನಗೆ ಯಾವತ್ತೂ ಅರ್ಥ ಆಗಿರಲಿಲ್ಲ,” ಎಂದರು. “ತವರಿಂದ ಹೆಂಡತೀನ ಕರ್ಕೊಂಡು ಬರೋಕೆ ಕಿರೀಟ ಯಾಕೆ ತೆಗೀಬೇಕು? ತೆಗೀಲೂ ಇಲ್ಲ ನಾನು. ಅವಳೂ ಯಾವ ಪದ್ಯವನ್ನೂ ಹಾಡ್ತಿರಲಿಲ್ಲ. ನನ್ನ ಪದ್ಯಕ್ಕೆ ಒನ್ಸ್ ಮೋರ್ ಬೀಳ್ತಿತ್ತು, ಮತ್ತೆ ಹಾಡ್ತಿದ್ದೆ, ಆಮೇಲೆ ಮಂಗಳ.” ಮೊದಲನೆಯ ಅಂಕದಿಂದ ಮಂಗಳದವರೆಗೂ ಎದ್ದು ಕುಳಿತಿರುತ್ತಿದ್ದವನು ಅಲ್ಲಿದ್ದವರಲ್ಲಿ ಒಬ್ಬನೇ, ಹಾರ್ಮೋನಿಯಂನವನು. ನೀವೆಲ್ಲರೂ ಆ ಒಬ್ಬನ ಕಡೆಗೆ ತಿರುಗಿದಿರಿ. ಝಾನ್ಸಿ ಕೇಳಿದಳು: “ಮಾಸ್ಟರುಗಾರೂ, ರಾಣಿ ಏನು ಉತ್ತರ ಕೊಡ್ತಾಳೆ?”

ನಾನು ಹೇಳಿದೆ: “ಅಲ್ಲಿ ಪದ್ಯವಿಲ್ಲ. ಬರೆದುಕೊಂಡವರ ಕೈತಪ್ಪು.”

ಮಕ್ಕಳೇ, ಅದು ಸುಳ್ಳು. ಪದ್ಯವಿತ್ತು. ನಾನು ಅದನ್ನು ಕೇಳಿದ್ದೇನೆ.

ನನ್ನ ಸುಳ್ಳಿನಿಂದ ಆದದ್ದೇನು ಎಂಬುದನ್ನೂ ನಾನು ನೋಡಿದೆ. ಝಾನ್ಸಿ ಅಭ್ಯಾಸಕ್ಕೆಂದು ಹೆಗಲ ಮೇಲೆ ಹಾಕಿಕೊಂಡಿದ್ದ ಸೆರಗಿನ ತುಂಡನ್ನು ಮಡಚಿ ಹಾರ್ಮೋನಿಯಂ ಪಕ್ಕದಲ್ಲಿಟ್ಟಳು. “ಹನ್ನೆರಡು ವರ್ಷ ಸೌದೆ ಹೊತ್ತು ಬಂದು ಸುಮ್ನೆ ಹೋಗಿ ಕೂರೋದಾದ್ರೆ ನಾನ್ಯಾಕೆ? ಒಂದು ಗೊಂಬೆ ತಂದು ಕೂರಿಸಿ,” ಎಂದಳು. ಮುಂದಿನ ಭಾನುವಾರದೊಳಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೂ ಹೇಳಿದಳು. ನೀನು ಅವಳನ್ನು ತಡೆಯಲು ಹೋಗಿ, ತಡೆಯಲಾಗದೆ, ಮೂರನೆಯ ಅಂಕವನ್ನೇ ತೆಗೆದುಹಾಕುವೆನೆಂದೆ. ದಾನ ಕೊಟ್ಟಲ್ಲಿಗೆ ನಾಟಕ ಮುಗಿಯಲಿ, ಇವತ್ತಿನವರಿಗೆ ಅಷ್ಟೇ ಅರ್ಥವಾಗುತ್ತದೆ ಎಂದೆ. ಶೇಷಾದ್ರಿಗಾರು ಯಾರೊಡನೆಯೂ ಮಾತಾಡದೆ ಮೆಟ್ಟಿಲಿಳಿದರು. ಅವರ ಪುಸ್ತಕ ಕುರ್ಚಿಯ ಮೇಲೆಯೇ ಉಳಿಯಿತು. ನಲವತ್ತು ವರ್ಷ ಹಾಡಿದ ಅಂಕವೊಂದು ಅವರ ಕಣ್ಣೆದುರಿಗೇ ಇಲ್ಲವಾಯಿತು. ನಾನು ಬಾಯಿ ಬಿಟ್ಟಿದ್ದರೆ ಅದು ಉಳಿಯುತ್ತಿತ್ತು.

ಈಗ ನಿಜ ಹೇಳುತ್ತೇನೆ. ನಿಜವೆಂದು ನಾನು ತಿಳಿದಿರುವುದನ್ನು ಹೇಳುತ್ತೇನೆ ಎನ್ನುವುದೇ ಹೆಚ್ಚು ಸರಿ.

ಹಿಮಬಿಂದೂ, ನಿನಗಿಂತ ಐವತ್ತೆರಡು ವರ್ಷ ಮೊದಲೇ ಒಬ್ಬಾಕೆ ಈ ನಾಟಕಕ್ಕೆ ಮತ್ತೆ ಜೀವ ತರಲು ಬಂದಿದ್ದರು. ಹೆಸರು ಮಂಗತಾಯಾರು. ಆಗ ಇಪ್ಪತ್ತು ವರ್ಷ. ಅವರ ತಾಯಿ ಹಿಂದಿನ ಕಾಲದಲ್ಲಿ, ರಾಜನಿಗೆ ಒಬ್ಬನೇ ನಟನಿದ್ದಾಗ, ರಾಣಿಯ ಪಾತ್ರ ಮಾಡಿದವರು. ತಾಯಿಯ ಪುಸ್ತಕದಲ್ಲಿ ಆ ಪದ್ಯವಿತ್ತು. ಮೂವರು ರಾಜರ ಪದ್ಧತಿ ಬಂದ ಮೇಲೆ, ಒಬ್ಬೊಬ್ಬರ ರಾಗವೂ ಒನ್ಸ್ ಮೋರೂ ಬೆಳೆದು, ರಾಣಿಗೆ ಹೊತ್ತೇ ಉಳಿಯದೆ ಅದು ಬಿದ್ದುಹೋಗಿತ್ತು. ಮಂಗತಾಯಾರು ಅದನ್ನು ಮತ್ತೆ ಹಾಡಬೇಕೆಂದಿದ್ದರು. ನಮ್ಮ ತೆನಾಲಿ ಕಡೆಯ ಕೊಲ್ಲೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರದರ್ಶನ. ಮಧ್ಯಾಹ್ನ ಹಾರ್ಮೋನಿಯಂ ಹತ್ತಿರ ಕುಳಿತು ನನಗೆ ಒಂದು ಸಲ ಹಾಡಿ ತೋರಿಸಿದರು. ಯಾವ ಶ್ರುತಿ ಬೇಕೆಂದು ಹೇಳಿದರು. ನಾನು ಆಗಲೆಂದೆ.

ಬೆಳಗಿನ ಜಾವ. ಶೇಷಾದ್ರಿಗಾರ ಪದ್ಯಕ್ಕೆ ಮೂರು ಸಲ ಒನ್ಸ್ ಮೋರ್ ಬಿತ್ತು. ಪೂರ್ವದಲ್ಲಿ ಬೆಳಕು ಹರಿದು ಜನ ಹೊಲಕ್ಕೆ ಹೊರಡಲು ಏಳತೊಡಗಿದ್ದರು. ನಾಟಕ ಕರೆಸಿದ್ದ ಕಂಟ್ರಾಕ್ಟರು ಕೆಳಗಿನಿಂದ ಮುಗಿಸು ಎಂದು ಕೈ ಮಾಡಿದರು. ಮಂಗತಾಯಾರು ಒಂದು ಹೆಜ್ಜೆ ಮುಂದಿಟ್ಟು, ನನ್ನ ಕಡೆ ನೋಡಿ, ಉಸಿರೆಳೆದುಕೊಂಡರು. ನಾನು ಅವರು ಕೇಳಿದ್ದ ಶ್ರುತಿ ಕೊಡಲಿಲ್ಲ. ಮಂಗಳದ ಮಟ್ಟು ಎತ್ತಿದೆ.

ಮಂಗಳ ಶುರುವಾದರೆ ಎಲ್ಲರೂ ಸಾಲಾಗಿ ನಿಲ್ಲಲೇಬೇಕು. ಅವರೂ ಬಂದು ನಿಂತರು. ಮರುದಿನ ಏನೂ ಕೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ಅವರು ಆ ಪಾತ್ರ ಮಾಡಿದರು, ನಾನು ಹಾರ್ಮೋನಿಯಂ ನುಡಿಸಿದೆ. ಪ್ರತಿ ಸಲವೂ ಆ ಜಾಗಕ್ಕೆ ಬಂದಾಗ ಅವರು ಒಂದು ಹೆಜ್ಜೆ ಮುಂದಿಡುತ್ತಿದ್ದರು, ಉಸಿರೆಳೆಯುತ್ತಿದ್ದರು. ಪ್ರತಿ ಸಲವೂ ನಾನು ಮಂಗಳ ಎತ್ತುತ್ತಿದ್ದೆ. ಮೊದಲ ಸಲ ಮಾಡಿದ್ದನ್ನು ಎರಡನೆಯ ಸಲ ಮಾಡದೆ ಹೋದರೆ ಮೊದಲನೆಯದು ತಪ್ಪೆಂದು ಒಪ್ಪಿದಂತಾಗುತ್ತದೆ ಎಂಬ ಭಯವೋ, ಅಥವಾ ಕೈಗೆ ಅದೇ ರೂಢಿಯಾಯಿತೋ, ಈಗ ಬೇರೆ ಬೇರೆ ಮಾಡಿ ಹೇಳಲಾರೆ. ಮುಂದೆ ಅವರ ಮದುವೆಯಾಯಿತು; ರಂಗ ಬಿಟ್ಟರು.

ನಿಮ್ಮ ಮುಂದೆ ನಾನು ಪರಂಪರೆ, ಪರಂಪರೆ ಎಂದು ಎಷ್ಟು ಸಲ ಹೇಳಿದ್ದೇನೆ! ರಾಣಿ ಮೌನವಾಗಿ ಹೋಗಿ ಕುಳಿತುಕೊಳ್ಳುವುದೂ ಪರಂಪರೆಯೇ ಎಂದು ನಿಮಗೆ ಕಲಿಸಿದೆ. ಅದಕ್ಕೊಂದು ಸೊಗಸಾದ ಅರ್ಥವನ್ನೂ ಕಟ್ಟಿ ಹೇಳಿದೆ, ಮೌನವೇ ದೊಡ್ಡ ಉತ್ತರ ಎಂದು. ನೀವು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ. ಆ ಮೌನವನ್ನು ಮಾಡಿದವನು ನಾನು.

ಕಳೆದ ಭಾನುವಾರದಿಂದ ನಾನು ಆ ಪದ್ಯವನ್ನು ನೆನಪಿಸಿಕೊಳ್ಳುತ್ತ ಕುಳಿತಿದ್ದೇನೆ. ನಾಲ್ಕು ಸಾಲೂ ಬರುತ್ತವೆ. ಆದರೆ ನಾಲ್ಕೂ ಅವರು ಹಾಡಿದ ಸಾಲುಗಳೇ, ಅಥವಾ ಐವತ್ತು ವರ್ಷ ನನ್ನೊಳಗೇ ಇಟ್ಟುಕೊಂಡು ನಾನೇ ತಿದ್ದಿದ ಸಾಲುಗಳೇ? ತಿಳಿಯದೆ ನಿನ್ನೆ, ಗುರುವಾರ, ರೇಪಲ್ಲೆಗೆ ಹೋದೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮಗಳ ಮನೆ. ಮಂಗತಾಯಾರು ಜಗುಲಿಯಲ್ಲಿ ಕುಳಿತು ಗೋರಿಕಾಯಿ ಮುರಿಯುತ್ತಿದ್ದರು. ಈಗ ಎಪ್ಪತ್ತೆರಡು. ನನ್ನನ್ನು ಕಂಡು ಎದ್ದೇಳಲಿಲ್ಲ, ಆಶ್ಚರ್ಯಪಡಲೂ ಇಲ್ಲ.

“ಓಹೋ, ಪೆಟ್ಟಿಗೆ ಮಾಸ್ಟರು,” ಎಂದರು; ಹಾರ್ಮೋನಿಯಂ ಅವರಿಗೆ ಈಗಲೂ ಪೆಟ್ಟಿಗೆಯೇ. “ಪೆಟ್ಟಿಗೆ ಎಲ್ಲಿ?”

“ತಂದಿಲ್ಲ ತಾಯೀ.”

“ಸದ್ಯ. ಹಾಗಾದ್ರೆ ಮಾತಾಡಬಹುದು. ಕೂತ್ಕೊಳ್ಳಿ.”

ಕುಳಿತೆ. ನಿಮ್ಮ ವಿಷಯವೆಲ್ಲ ಹೇಳಿದೆ. ಆ ಕಾಲೇಜಿನ ಹುಡುಗಿಯ ಪ್ರಶ್ನೆ ಹೇಳಿದಾಗ ಮನಸಾರೆ ನಕ್ಕರು. ಶೇಷಾದ್ರಿಗಾರು ರಾಣಿಯನ್ನು ತವರಿಂದ ಕರೆಯುತ್ತಿದ್ದರೆಂದು ಹೇಳಿದಾಗ ನಗಲಿಲ್ಲ. “ಅದಕ್ಕೇ,” ಎಂದರು. “ಹನ್ನೊಂದು ವರ್ಷ ಎದುರಿಗೆ ನಿಂತು ನೋಡ್ತಿದ್ದೆ. ಇವನಿಗೆ ಸ್ವಲ್ಪಾನೂ ನಾಚಿಕೆ ಇಲ್ವಲ್ಲ, ಎಷ್ಟು ಪ್ರೀತಿಯಿಂದ ಕರೀತಾನಲ್ಲ ಅಂತ. ಪಾಪ, ಅವ್ರಿಗೆ ಗೊತ್ತೇ ಇರಲಿಲ್ಲ.”

ಪದ್ಯದ ವಿಷಯ ಕೇಳಿದೆ. ಕೈಯಲ್ಲಿದ್ದ ಗೋರಿಕಾಯಿ ಮುರಿದು ಬುಟ್ಟಿಗೆ ಹಾಕಿದರು. “ಪುಸ್ತಕ ತುಫಾನಿನ ನೀರಲ್ಲಿ ಹೋಯ್ತು. ಪದ್ಯ ನೆನಪಿಲ್ಲ ಮಾಸ್ಟರೂ. ಉಸಿರು ಎಳ್ಕೊಳ್ಳೋದು ಮಾತ್ರ ನೆನಪಿದೆ.”

ನಾನು ತಲೆ ತಗ್ಗಿಸಿ, ನನ್ನ ನೆನಪಿನಲ್ಲಿದ್ದದ್ದನ್ನು ಸಣ್ಣ ಧ್ವನಿಯಲ್ಲಿ ಹಾಡಿ ತೋರಿಸಿದೆ. ‘ಕೊಟ್ಟ ಕೈಯೇ ಇಂದು ಕರೆಯುತಿಹುದೆನ್ನ’ ಎಂದು ಮೊದಲ ಸಾಲು. ಅವರು ಕಣ್ಣು ಮುಚ್ಚಿ ತಲೆದೂಗಿದರು. ಉಳಿದ ಮೂರು ಸಾಲುಗಳಲ್ಲಿ ರಾಣಿ ಹಳೆಯದನ್ನು ಮರೆತು, ಬಾಗಿಲು ತೆರೆದೇ ಇತ್ತೆಂದು ಹೇಳಿ, ಬರುತ್ತೇನೆ ಎನ್ನುತ್ತಾಳೆ. ಹಾಡಿ ಮುಗಿಸುವ ಹೊತ್ತಿಗೆ ಅವರು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

“ಮೊದಲ ಸಾಲು ಅಮ್ಮನದೇ. ಉಳಿದದ್ದು ಯಾರದು?”

“ನೀವು ಹಾಡಿದ್ದೆಂದೇ ತಿಳಿದಿದ್ದೆ.”

“ಅಲ್ಲ. ಇಷ್ಟು ಬೇಗ ಕ್ಷಮಿಸೋದಾದ್ರೆ ಆ ರಾಜ ಕಿರೀಟ ಯಾಕೆ ತೆಗೀತಾನೆ? ನಿಮ್ಮ ರಾಣಿ ಬಹಳ ಅವಸರದೋಳು ಮಾಸ್ಟರೂ. ನಮ್ಮಮ್ಮನ ರಾಣಿ ಹಾಗಿರಲಿಲ್ಲ.”

ಹಾಗಾದರೆ ಹೇಗಿದ್ದಳು ಎಂದು ಕೇಳಿದೆ. ಏನೋ ತುಟಿಯವರೆಗೆ ಬಂದಂತೆ ಕಂಡಿತು; ಬರಲಿಲ್ಲ. ಒಳಗಿನಿಂದ ಮಗಳು ಬಂದು ಮಜ್ಜಿಗೆ ಕೊಟ್ಟು, “ಅಮ್ಮ ಹಾಡ್ತಿದ್ಲಾ? ನನಗೆ ಗೊತ್ತೇ ಇಲ್ಲ,” ಎಂದಳು.

ನಾನು ಹೊರಟು ನಿಂತಾಗ ಅವರೇ ಹೇಳಿದರು: “ಭಾನುವಾರ ಬಂದು ಕರ್ಕೊಂಡು ಹೋಗಿ. ಒಬ್ಬಳೇ ರೈಲು ಹತ್ತೋಕೆ ಮಂಡಿ ಬಿಡೋದಿಲ್ಲ. ಆ ರಾಜನ ಹುಡುಗ ಪದ್ಯ ಹಾಡಲಿ. ನಾನು ಆ ಹೆಜ್ಜೆ ಇಡ್ತೀನಿ. ನೀವು ಶ್ರುತಿ ಕೊಡಿ, ಕೊಟ್ಟು ಸುಮ್ನಿರಿ. ಬಾಯಿಗೆ ಬಂದ್ರೆ ಬಂತು. ಬರದಿದ್ರೆ ಆ ಹುಡುಗಿ ಹತ್ರ ನಿಂತಿರಲಿ, ಅವಳಿಗೆ ಬಂದೀತು.”

ಆ ಹುಡುಗಿ ಯಾರೆಂದು ನಾನು ಹೆಸರು ಹೇಳಿರಲಿಲ್ಲ. ಝಾನ್ಸೀ, ನೀನೇ ತಾಯೀ. ಈ ಪತ್ರ ಓದುವ ದಿನ ನೀನು ಅಲ್ಲಿರುವೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲದಿದ್ದರೆ ಸಾಕೇತ್ ಈಗಲೇ ಗಾಡಿ ತೆಗೆದುಕೊಂಡು ಹೋಗಿ ಅವಳನ್ನು ಕರೆತರಲಿ. ಪತ್ರದ ಉಳಿದದ್ದನ್ನು ಅವಳು ಬಂದ ಮೇಲೆ ಓದಿ.

ಶೇಷಾದ್ರಿಗಾರಿಗೆ ನಾನು ಇಂದು ಬೆಳಿಗ್ಗೆ ಮನೆಗೆ ಹೋಗಿ ಹೇಳಿದ್ದೇನೆ. ಬಯ್ಯುತ್ತಾರೆಂದುಕೊಂಡಿದ್ದೆ. “ಅಷ್ಟು ವರ್ಷ ನನ್ನ ಬೆನ್ನ ಹಿಂದೆ ಒಂದು ಪದ್ಯ ನಿಂತಿತ್ತಾ?” ಎಂದಷ್ಟೇ ಕೇಳಿದರು. ಭಾನುವಾರ ಬರುವೆನೆಂದಿದ್ದಾರೆ, ಬಂದು, ಕಿರೀಟ ಹೇಗೆ ತೆಗೆಯಬೇಕೆಂದು ಸಾಕೇತನಿಗೆ ತೋರಿಸುವರಂತೆ. ಅವರಿಗೂ ಅದು ಮೊದಲ ಸಲ.

ನಾಳೆಯ ಪ್ರೇಕ್ಷಕರಿಗೆ ಏನು ಬೇಕೆಂದು ನೀನು ನನ್ನನ್ನು ಪದೇ ಪದೇ ಕೇಳುತ್ತಿದ್ದೆ ಹಿಮಬಿಂದೂ. ನನಗೆ ಈಗಲೂ ತಿಳಿದಿಲ್ಲ. ಆ ಮೂರು ಸಾಲು ಸಿಕ್ಕರೆ ಅದು ಹಳೆಯ ನಾಟಕವೇ? ಸಿಗದೆ ಝಾನ್ಸಿ ಹೊಸದನ್ನು ಕಟ್ಟಿದರೆ ಅದು ಹಳೆಯ ನಾಟಕವಲ್ಲವೇ? ಎರಡೂ ಪ್ರಶ್ನೆಗಳಿಗೆ ನಿನ್ನೆಯಿಂದ ಒಮ್ಮೆ ಹೌದು, ಒಮ್ಮೆ ಅಲ್ಲ ಎಂದು ಉತ್ತರ ಹೇಳಿಕೊಳ್ಳುತ್ತಿದ್ದೇನೆ. ಒಂದು ಮಾತ್ರ ಸ್ಪಷ್ಟವಾಗಿದೆ. ಮೂರನೆಯ ಅಂಕ ಇರಬೇಕು. ಅದರಲ್ಲಿ ರಾಣಿ ಬಾಯಿ ತೆರೆಯಬೇಕು. ಅವಳು ಹೇಳುವುದು ನಮಗೆ ಹಿಡಿಸಲಿ ಬಿಡಲಿ, ಹಾರ್ಮೋನಿಯಂ ಅಡ್ಡ ಬರಬಾರದು.

ಆದುದರಿಂದ ಈ ಭಾನುವಾರ ಪ್ರಾರ್ಥನೆಯಿಂದ ಶುರು ಮಾಡಬೇಡಿ, ಮೊದಲನೆಯ ಅಂಕದಿಂದಲೂ ಬೇಡ. ಪತ್ರ ಮಡಚಿಡಿ. ಚಾಪೆ ಸುತ್ತಿ ನಡುವೆ ಜಾಗ ಮಾಡಿ. ಸಾಕೇತ್ ಕಿರೀಟ ಧರಿಸಿ ಎಡಗಡೆ ನಿಲ್ಲಲಿ, ಝಾನ್ಸಿ ಬಲಗಡೆ, ಅವಳ ಪಕ್ಕದಲ್ಲಿ ಮಂಗತಾಯಾರುಗಾರಿಗೆ ಒಂದು ಹೆಜ್ಜೆಯ ಜಾಗ ಬಿಡಿ. ಬಸವಯ್ಯಗಾರು ಈ ಸಲ ಬಸ್ಸು ಹಿಡಿಯದೆ ಕೊನೆಯವರೆಗೆ ಕುಳಿತು ನೋಡಲಿ. ಸಾಕೇತ್, ಕರೆಯುವ ಪದ್ಯ ಎತ್ತಿಕೋ ನಾಯನಾ. ಈ ಸಲ ನೀನು ಏನು ಮಾಡಿದ್ದೆ ಎಂಬುದು ನಿನಗೆ ಗೊತ್ತಿದೆ. ನಾವು ಮೆಟ್ಟಿಲು ಹತ್ತುತ್ತಿರುತ್ತೇವೆ. ಶುರು ಮಾಡಿ.

ನಿಮ್ಮೆಲ್ಲರ ಶ್ರೇಯಸ್ಸನ್ನು ಬಯಸುವ,
ಕಾಕುಮಾನು ಸಾಂಬಯ್ಯ
ಹಾರ್ಮೋನಿಸ್ಟ್

ಮರೆತ ಮಾತು: ಇದನ್ನು ಓದಬೇಕೋ ಬೇಡವೋ ಎಂದು ನಿನಗೇ ಬಿಡೋಣವೆಂದುಕೊಂಡೆ. ಬೇಡ, ಇದನ್ನೂ ಓದು. ಮೇಲೆ ಬರೆದಿರುವುದರಲ್ಲಿ ಒಂದು ಕಡೆ ಮತ್ತೆ ಸುಳ್ಳು ಹೇಳಿದ್ದೇನೆ. ಅಂದು ಪೂರ್ವದಲ್ಲಿ ಬೆಳಕು ಹರಿದಿರಲಿಲ್ಲ, ಜನ ಎದ್ದಿರಲಿಲ್ಲ. ಕಂಟ್ರಾಕ್ಟರು ಕೈ ಮಾಡಲೂ ಇಲ್ಲ, ಅವರು ತೂಕಡಿಸುತ್ತಿದ್ದರು. ಹೊತ್ತು ಬೇಕಾದಷ್ಟಿತ್ತು. ಆ ಮಧ್ಯಾಹ್ನ ಮಂಗತಾಯಾರು ಪದ್ಯ ಹಾಡಿ ಮುಗಿಸಿ, ಎಲ್ಲರೆದುರಿಗೆ, “ಮಾಸ್ಟರೂ, ನಿಮ್ಮ ಪೆಟ್ಟಿಗೆಯ ಪಂಚಮ ಇಳಿದಿದೆ, ಸರಿ ಮಾಡ್ಕೊಳ್ಳಿ,” ಎಂದಿದ್ದರು. ಬಣ್ಣ ಹಚ್ಚಿಕೊಳ್ಳುತ್ತಿದ್ದವರೆಲ್ಲ ನಕ್ಕರು. ನನಗೆ ಇಪ್ಪತ್ಮೂರು ವರ್ಷ. ಅದೊಂದೇ ಕಾರಣ, ಬೇರೇನೂ ಇಲ್ಲ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ನೋಡಿದೆ. ಪಂಚಮ ಇಳಿದೇ ಇತ್ತು. ಇದನ್ನು ಅವರಿಗೆ ನಿನ್ನೆಯೂ ಹೇಳಲಾಗಲಿಲ್ಲ. ರೇಪಲ್ಲೆಯಿಂದ ಗಾಡಿ ಒಂದು ಗಂಟೆ ತೆಗೆದುಕೊಳ್ಳುತ್ತದೆ. ದಾರಿಯಲ್ಲಿ ವೇಮೂರು ಸ್ಟೇಷನ್ ದಾಟುವುದರೊಳಗೆ ಹೇಳಬೇಕೆಂದಿದ್ದೇನೆ.